ಪ್ರೊಪ್ರೈಟರ್‌ಗೂ ಹತ್ತೇ ಅಕ್ಷರ

ಬೆಳಗಿನ ವಾಕಿಂಗ್ ಮುಗಿಸಿ ಕಾಫಿ ಕುಡಿಯುವಷ್ಟರಲ್ಲಿ ದೊಡ್ಡಪ್ಪ ಒಂದಾದರೂ ಫಾರ್ವರ್ಡ್ ಮಾಡಿರುತ್ತಾರೆ. ಮೊನ್ನೆ ನಮ್ಮ ಮನೆಯವರ ಗುಂಪಿಗೆ ಬಂದದ್ದು ಇದು:

"ನಿಮಗೆ ಗೊತ್ತೇ? ಕೀಬೋರ್ಡಿನ ಮೇಲಿನ ಸಾಲಿನ ಅಕ್ಷರಗಳಿಂದಲೇ ಬರೆಯಬಹುದಾದ ಅತಿ ಉದ್ದದ ಇಂಗ್ಲಿಷ್ ಪದ ಟೈಪ್‌ರೈಟರ್! ಇಂಗ್ಲಿಷಿನಲ್ಲಿ ಎಷ್ಟೇ ಎಣಿಸಿದರೂ ಅಂಕಿಗಳ ಸ್ಪೆಲ್ಲಿಂಗಿನಲ್ಲಿ ಸಿ ಅಕ್ಷರ ಬರುವುದೇ ಇಲ್ಲ! ಹತ್ತು ಜನರಿಗೆ ಕಳಿಸಿ."

ಅದರ ಕೆಳಗೆ ದೊಡ್ಡಪ್ಪನ ಸ್ವಂತ ಸೇರ್ಪಡೆ: "ಈಗಿನವರಿಗೆ ಮೊಬೈಲೇ ಸ್ಪೆಲ್ಲಿಂಗ್ ತಿದ್ದಿಕೊಡುತ್ತದೆ. ನಮ್ಮ ಕಾಲದಲ್ಲಿ ಒಂದು ಅಕ್ಷರ ತಪ್ಪಿದರೆ ಇಡೀ ಹಾಳೆ ಹಾಳು. ಶ್ರದ್ಧೆ ಬಂದದ್ದೇ ಅದರಿಂದ."

ಹಾಸನದಲ್ಲಿ ಬಹಳ ವರ್ಷ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸಿದವರು ಅವರು. ಟೈಪ್‌ರೈಟರನ್ನು ಯಾರೇ ಹೊಗಳಲಿ, ತಮಗೇ ಶಾಲು ಹೊದಿಸಿದಷ್ಟು ಖುಷಿ.

ಸಾಲಾಗಿ ಕೈಮುಗಿದ ಚಿತ್ರಗಳು ಬಂದವು. ಓದಿದವರು ಯಾರೂ ಇರಲಿಲ್ಲ. ಸುಮತಿ ಅತ್ತೆಯಂತೂ "ಓಂ ಶಾಂತಿ" ಅಂತ ಹಾಕಿ, ಆಮೇಲೆ ಗಾಬರಿಯಾಗಿ ಅಳಿಸಿದರು.

ಓದಿದ್ದು ಪಲ್ಲವಿ ಒಬ್ಬಳೇ. ಚಿಕ್ಕಪ್ಪನ ಮಗಳು, ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಗುಂಪಿನಲ್ಲಿ ಅವಳ ಪಾತ್ರ ಮೊದಲಿಂದಲೂ ಒಂದೇ: "ಇದಕ್ಕೆ ಆಧಾರ ಏನು?"

"ಯಾವ ಡಿಕ್ಷನರಿ ಪ್ರಕಾರ ದೊಡ್ಡಪ್ಪ?"

"ಎಲ್ಲರಿಗೂ ಗೊತ್ತಿರೋ ವಿಷಯಮ್ಮ ಇದು."

ಅವಳು ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಒಂದು ಪದಪಟ್ಟಿ ತೆಗೆದುಕೊಂಡು, ಕ್ಯೂನಿಂದ ಪಿವರೆಗಿನ 10 ಅಕ್ಷರ ಬಿಟ್ಟು ಬೇರೆ ಯಾವುದು ಇದ್ದರೂ ಆ ಪದ ಬೇಡ ಅಂತ ಒಂದೇ ಸಾಲಿನ ಆಜ್ಞೆ ಕೊಟ್ಟಳಂತೆ. ಉಳಿದದ್ದನ್ನು ಉದ್ದದ ಪ್ರಕಾರ ಜೋಡಿಸಿ ಗುಂಪಿಗೆ ಹಾಕಿದಳು: "ಟೈಪ್‌ರೈಟರ್‌ಗೆ 10 ಅಕ್ಷರ. ಪರ್ಪೆಚುಯಿಟಿಗೂ 10. ಪ್ರೊಪ್ರೈಟರ್‌ಗೂ 10. ರಪ್ಚರ್‌ವರ್ಟ್ ಅಂತ ಒಂದು ಗಿಡ ಇದೆ, ಅದಕ್ಕೆ 11. ಹಾಗಾಗಿ ಟೈಪ್‌ರೈಟರ್ ಅತಿ ಉದ್ದದ್ದಲ್ಲ." ಜೊತೆಗೆ ಕಾರಣವನ್ನೂ ಬಿಡಿಸಿದಳು. ಐದು ಸ್ವರಗಳಲ್ಲಿ ನಾಲ್ಕು ಮೇಲಿನ ಸಾಲಿನಲ್ಲೇ ಇವೆ. ನಡುವಿನ ಸಾಲಿಗೆ ಎ ಒಂದೇ ಗತಿ, ಅಲಾಸ್ಕಾ ಥರದ್ದು ಬರೆಯಬಹುದು ಅಷ್ಟೇ. ಕೆಳಗಿನ ಸಾಲಿನಲ್ಲಿ ಸ್ವರವೇ ಇಲ್ಲ.

ನನಗಂತೂ ಆ ಮೆಸೇಜ್ ಚೆನ್ನಾಗಿತ್ತು ಅನ್ನಿಸಿತು. ಬೇರೆ ಯಾರೂ ಅದರ ತಂಟೆಗೆ ಹೋಗಲಿಲ್ಲ.

ಬ್ಯಾಂಕಿನಿಂದ ನಿವೃತ್ತರಾದ ಮಾವ ಎರಡನೇ ಮಾತಿಗೆ ಕೈಹಾಕಿದರು. "ಸಿ ಬರಲ್ಲ ಅಂದ್ರೆ? ಕ್ರೋರ್ ಶುರುವಾಗೋದೇ ಸಿಯಿಂದ."

"ಆಕ್ಟಿಲಿಯನ್‌ನಲ್ಲೂ ಇದೆ ಮಾವ. ಒಂದರ ಮುಂದೆ 27 ಸೊನ್ನೆ."

"ಅಷ್ಟು ದುಡ್ಡು ನಮ್ಮ ಬ್ರಾಂಚಲ್ಲಿ ಯಾರೂ ಇಟ್ಟಿರಲಿಲ್ಲಮ್ಮ."

ಡಲ್ಲಾಸಿನಲ್ಲಿರುವ ರಘುಗೆ ಅಲ್ಲಿ ರಾತ್ರಿ, ನಿದ್ದೆ ಇಲ್ಲ. "ಎ ಎಸ್ ಡಿ ಎಫ್ ಜಿ ಎಫ್, ಸೆಮಿಕೋಲನ್ ಎಲ್ ಕೆ ಜೆ ಎಚ್ ಜೆ! ರಜದಲ್ಲಿ ಬೆಳಿಗ್ಗೆ ಆರರ ಬ್ಯಾಚಿಗೆ ಚಿಕ್ಕಮಾವ ಎಬ್ಬಿಸಿ ಕೂರಿಸ್ತಿದ್ರು. ಕೀ ನೋಡಿದ್ರೆ ಸ್ಕೇಲಲ್ಲಿ ಬೆರಳಿಗೆ ಒಂದು ಏಟು. ರಿಬ್ಬನ್ ಬದಲಾಯಿಸಿದ ಕೈಯಲ್ಲೇ ಮುಖ ಒರೆಸ್ಕೊಂಡು ಮನೆಗೆ ಬಂದ್ರೆ ಅಜ್ಜಿ ಬಚ್ಚಲಿಗೆ ಅಟ್ಟೋರು." ಇದಕ್ಕೆ ಎಲ್ಲರೂ ಹಾರ್ಟ್ ಹಾಕಿದರು. ಅಕ್ಕಿರೊಟ್ಟಿ, ಬಾವಿಕಟ್ಟೆ, ಮಾರಿಬಿಟ್ಟ ಹಸು ಎಲ್ಲ ಬಂದು ಹೋದವು.

ದೊಡ್ಡಪ್ಪ ಮಾತ್ರ ವಿಷಯ ಮರೆತಿರಲಿಲ್ಲ. ಅಮೆರಿಕದ ಶೋಲ್ಸ್ 1868ರಲ್ಲಿ ಪೇಟೆಂಟ್ ಪಡೆದದ್ದು, 1874ರಲ್ಲಿ ರೆಮಿಂಗ್ಟನ್ ಅದನ್ನು ಮಾರಾಟಕ್ಕೆ ತಂದದ್ದು, ಮಾರುವವರು ಗಿರಾಕಿಯ ಮುಂದೆ ಟೈಪ್‌ರೈಟರ್ ಅಂತ ಪಟಪಟ ಹೊಡೆದು ತೋರಿಸಲಿ ಅಂತಲೇ ಆ ಅಕ್ಷರಗಳನ್ನು ಒಂದೇ ಸಾಲಿಗೆ ಹಾಕಿದ್ದು, ಎಲ್ಲ ಬರೆದರು.

"ಇಸವಿ ಎರಡೂ ಸರಿ. ಕೊನೇದಕ್ಕೆ ದಾಖಲೆ ಇದೆಯಾ ದೊಡ್ಡಪ್ಪ?"

ಅರ್ಧ ಗಂಟೆ ಉತ್ತರ ಇಲ್ಲ. ಆಮೇಲೆ ಬಂತು ನೋಡಿ:

"ಪಲ್ಲವಿ, ಇಂಗ್ಲಿಷಿನಲ್ಲಿ ಇಷ್ಟು ಪದ ಇರುವಾಗ ಪ್ರೊಪ್ರೈಟರ್ ಅನ್ನೋದೇ ಯಾಕೆ ಸಿಕ್ಕಿತು, ಯಾರು ಹೇಳಿಕೊಟ್ಟರು, ನನಗೆ ಗೊತ್ತಾಗಲ್ಲ ಅಂದುಕೊಂಡೆಯಾ?"

ಪಾಪ, ಅವಳಿಗೆ ತಲೆಬುಡ ಅರ್ಥವಾಗಲಿಲ್ಲ. ಅವಳು ಹುಟ್ಟುವ ಮೊದಲಿನ ಕಥೆ ಅದು. ಇನ್‌ಸ್ಟಿಟ್ಯೂಟಿಗೆ ಯಂತ್ರ ತರಲು ದುಡ್ಡು ಹಾಕಿದವರು ದೊಡ್ಡಪ್ಪ. ದಿನಾ ಬೆಳಿಗ್ಗೆ ಬೀಗ ತೆಗೆದು ಜೂನಿಯರ್, ಸೀನಿಯರ್ ಪರೀಕ್ಷೆಗೆ ಹುಡುಗರನ್ನು ತಯಾರು ಮಾಡಿದವರು ಚಿಕ್ಕಪ್ಪ. ಬೋರ್ಡಿನ ಮೇಲೆ ಪ್ರೊಪ್ರೈಟರ್ ಅಂತ ಬಂದದ್ದು ಒಬ್ಬರದೇ ಹೆಸರು.

"ದಾಖಲೆ ಕಂಪ್ಯೂಟರಿಂದ ಬಂದಿದ್ದು ದೊಡ್ಡಪ್ಪ, ಅಪ್ಪನಿಂದ ಅಲ್ಲ," ಅಂತ ಪಲ್ಲವಿ ಬರೆಯುವ ಹೊತ್ತಿಗೆ ಚಿಕ್ಕಪ್ಪನ ಹೆಸರಿನ ಕೆಳಗೆ "ಟೈಪಿಂಗ್" ಅಂತ ಕಾಣಿಸಿ, ಮಾಯವಾಗಿ, ಮತ್ತೆ ಕಾಣಿಸತೊಡಗಿತ್ತು. ಗುಡ್ ಮಾರ್ನಿಂಗ್ ಬಿಟ್ಟು ಏನೂ ಹಾಕದ ಮನುಷ್ಯ.

"ಅಣ್ಣ, ನಾನು ಯಾವತ್ತಾದ್ರೂ ಕೇಳಿದ್ದೀನಾ?"

"ಕೇಳೋದೇನು, ಪೇಂಟರ್ ಅಕ್ಷರಕ್ಕೆ ಇಷ್ಟು ಅಂತ ದುಡ್ಡು ತಗೋತಿದ್ದ. ಇಬ್ಬರ ಹೆಸರು ಬರೆಸೋ ಸ್ಥಿತಿ ಇರಲಿಲ್ಲ ಆಗ."

"ಅದಕ್ಕೇ ಹೇಳಿದ್ದು. ಬೇರೆ ಎಲ್ಲ ಅಂಗಡಿ ಬೋರ್ಡಲ್ಲೂ ಬರೀ ಪ್ರಾಪ್ ಅಂತ ಇರುತ್ತೆ. ನಾಲ್ಕು ಅಕ್ಷರ. ನೀವು ಹತ್ತೂ ಬರೆಸಿದ್ರಿ. ಆರು ಉಳೀತಿತ್ತು. ಸುರೇಶ್‌ಗೆ ಇಂಗ್ಲಿಷಲ್ಲಿ ಆರೇ ಅಕ್ಷರ ಅಣ್ಣ."

ಎಣಿಸಿ ನೋಡಿದೆ. ಸರಿಯಾಗೇ ಇದೆ. ಇಷ್ಟು ಬೇಗ ಲೆಕ್ಕ ಹಾಕಿದ್ದಲ್ಲ ಅದು, ವರ್ಷಗಟ್ಟಲೆ ಇಟ್ಟುಕೊಂಡ ಲೆಕ್ಕ.

"ದೊಡ್ಡವರ ಮಧ್ಯೆ ಬೇಡ," ಅಂತ ರಘು. "ಶುರು ಮಾಡಿದ್ದೇ ನೀನು, ಆರರ ಬ್ಯಾಚು ಅಂತ," ಅಂತ ಮಾವ. ಸುಮತಿ ಅತ್ತೆ ಒಂದು ಕೃಷ್ಣನ ಫೋಟೋ ಹಾಕಿದರು. ಅದೂ ಸಾಲದು ಅನ್ನಿಸಿ, "ಭಾನುವಾರ ಅಮ್ಮನ ತಿಥಿಗೆ ಯಾರ್ಯಾರು ಬರ್ತೀರಿ? ಅಡುಗೆಯವರಿಗೆ ಹೇಳಬೇಕು. ಕಾಪಿ ಮಾಡಿ ಕೆಳಗೆ ಹೆಸರು ಸೇರಿಸ್ತಾ ಹೋಗಿ," ಅಂದರು.

ಚಿಕ್ಕಪ್ಪ ಕೂಡಲೇ ಒಂದನೇ ನಂಬರಿಗೆ ತಮ್ಮ ಹೆಸರು ಬರೆದರು. ಸ್ವಲ್ಪ ಹೊತ್ತಿನಲ್ಲಿ ದೊಡ್ಡಪ್ಪನ ಪಟ್ಟಿ ಬಂತು. ಒಂದು, ದೊಡ್ಡಪ್ಪ. ಎರಡು, ಚಿಕ್ಕಪ್ಪ. ಚಿಕ್ಕಪ್ಪ ತಮ್ಮ ಹಳೇ ಪಟ್ಟಿಯನ್ನೇ ಮತ್ತೊಮ್ಮೆ ಹಾಕಿದರು.

ಪಲ್ಲವಿ ನನಗೆ ಬೇರೆಯಾಗಿ ಮೆಸೇಜ್ ಮಾಡಿದಳು: "ಎರಡು ಪಟ್ಟಿ ಓಡ್ತಾ ಇದೆ. ನಾನು ಯಾವುದಕ್ಕೆ ಸೇರಿಸ್ಲಿ?"