ಫಿಲಿಪ್ಪೀನ್ಸಿನ ಈಗಿನ ಕಲೆ: ಎರಡು ದಿನದ ಪ್ರದರ್ಶನಕ್ಕ ಏನು ತೋರಿಸೋದು, ಏನು ಮಾಡಿಸೋದು?

ಕುಂಚ_ಕಲಬುರಗಿ

ಫೆಬ್ರವರಿ ಕೊನೆಗೆ ಇಲ್ಲೇ ಕಲಬುರಗಿಯಾಗ ಹೈಸ್ಕೂಲ್ ಮಕ್ಕಳ ಕಲಾ ಪ್ರದರ್ಶನ ಅದ. ಒಂದೊಂದು ಕೋಣೆಗೆ ಒಂದೊಂದು ದೇಶ; ಚೀಟಿ ಎತ್ತಿದಾಗ ನಮಗ ಫಿಲಿಪ್ಪೀನ್ಸ್ ಬಂತು. ಮಕ್ಕಳು 30, ಕೋಣೆ 15 ಅಡಿಗೆ 20 ಅಡಿ, ಖರ್ಚಿಗೆ ₹4,000. ಪಾಠದಾಗ ನೋಡಿದ್ರ ಏಳು ಬಗೆ ಅಂತ ಬರದಾರ: ಚಿತ್ರ, ಶಿಲ್ಪ, ವಾಸ್ತು, ಸಂಗೀತ, ನೃತ್ಯ-ರಂಗಭೂಮಿ, ಸಾಹಿತ್ಯ, ಸಿನಿಮಾ. ಏಳಕ್ಕೂ ಒಂದೊಂದು ಚಾರ್ಟ್ ಹಚ್ಚಿದ್ರ ನಡೀತದೇನ್ರಿ? ಮಕ್ಕಳ ಕೈಯಿಂದ ಮಾಡಿಸೋವಂಥವು ಯಾವ್ಯಾವು ಅವ? ಅಳತೆ, ಸಾಮಾನು ಸಮೇತ ಹೇಳ್ರಿ.

ಸುರಪುರದ_ಗೆರೆ

ಏಳು ಚಾರ್ಟ್ ಬ್ಯಾಡ್ರಿ, ಯಾರೂ ನಿಂತು ಓದಂಗಿಲ್ಲ. ಅದೂ ಅಲ್ದ ಈಗಿನ ಕಲಾವಿದರು ಆ ಗೆರಿ ದಾಟೇ ಕೆಲಸ ಮಾಡ್ತಾರ. ಆಲ್ಫ್ರೆಡೊ ಮತ್ತು ಇಸಾಬೆಲ್ ಅಕಿಲಿಜಾನ್ ದಂಪತಿ ರಟ್ಟಿನಿಂದ ಪುಟ್ಟ ಪುಟ್ಟ ಮನಿ ಕಟ್ಟಿ ಒಂದರ ಮ್ಯಾಲೊಂದು ಪೇರಿಸ್ತಾರ. ದುಡಿಯಾಕ ಹೊರದೇಶಕ್ಕ ಹೋದವರು ಊರಿಗೆ ಕಳಿಸೋ ಡಬ್ಬಿಗಳನ್ನೂ ಕೃತಿಯೊಳಗ ತಂದಾರ. ಅದು ಶಿಲ್ಪವೋ ವಾಸ್ತುವೋ ನೀವೇ ಹೇಳ್ರಿ. ಚಿತ್ರಕಾರ ಬೆನ್‌ಕ್ಯಾಬ್ 1965ರಿಂದ ಸಾಬೆಲ್ ಅನ್ನೋ ಚಿಂದಿ ಆಯೋ ಹೆಣ್ಣುಮಗಳ ರೂಪವನ್ನ ದಶಕಗಟ್ಟಲೆ ತಿರುಗಿ ತಿರುಗಿ ಬರದಾರ. ಇಂಥ ಎರಡು-ಮೂರು ದೊಡ್ಡ ಫೋಟೊ ಒಂದು ಗೋಡೆಗೆ ಸಾಕು.

ಕೈಕೆಲಸಕ್ಕ ನನ್ನ ಆಯ್ಕೆ ಟ್ರಪುಂಟೊ, ಅಂದ್ರ ಹತ್ತಿ ತುಂಬಿ ಉಬ್ಬಿಸಿ ಹೊಲಿಯೋ ಚಿತ್ರ. ಬತಾನೆಸ್ ದ್ವೀಪದಾಗ 1946ರಲ್ಲಿ ಹುಟ್ಟಿದ ಪಾಸಿಟಾ ಅಬಾದ್ ಕ್ಯಾನ್ವಾಸಿನ ಮ್ಯಾಲೆ ಚಿತ್ರ ಬರದು, ಹಿಂದ ಬಟ್ಟೆ ಕೊಟ್ಟು, ನಡುವ ಹತ್ತಿ ತುಂಬಿ ಹೊಲೀತಿದ್ದರು. ಮ್ಯಾಲೆ ಕನ್ನಡಿ, ಮಣಿ, ಕಪ್ಪೆಚಿಪ್ಪು, ಗುಂಡಿ. ಕೌದಿ ಕಂಡ ನಮ್ಮ ಮಕ್ಕಳಿಗೆ ಇದನ್ನ ತಿಳಿಸಾಕ ಎರಡು ಮಿನಿಟ್ ಬೇಕಾಗಂಗಿಲ್ಲ. ಒಂದೇ ಫರಕು: ಕೌದಿಗೆ ಇಡೀ ಬಟ್ಟೆ ತುಂಬ ಹೊಲಿಗಿ ಹಾಕ್ತೇವಿ, ಅದು ಸಪಾಟ ಇರ್ತದ. ಇಲ್ಲಿ ಆಕಾರದ ಅಂಚಿಗಷ್ಟೇ ಹೊಲಿಗಿ, ಒಳಗಿನ ಭಾಗ ಉಬ್ಬಬೇಕು.

ಐದು ಮಂದಿಗೊಂದು ತುಂಡು ಮಾಡ್ರಿ, 2 ಅಡಿಗೆ 3 ಅಡಿ. ದಪ್ಪ ಹತ್ತಿ ಬಟ್ಟಿ, ಚೌಕಟ್ಟಿಗೆ ಬಡೀಬ್ಯಾಡ್ರಿ. ನಾಲ್ಕೂ ಕಡೆ 3 ಇಂಚು ಖಾಲಿ ಬಿಡ್ರಿ, ಯಾಕಂದ್ರ ಹತ್ತಿ ತುಂಬಿದಂಗ ಬಟ್ಟಿ ಒಳಗ ಜಗ್ಗತದ. ಮೊದಲು ಬಣ್ಣ, ಆಮ್ಯಾಲೆ ಹೊಲಿಗಿ. ಅಕ್ರಿಲಿಕ್ ನೀರ್ ಬೆರೆಸಿ ತೆಳ್ಳಗ ಹಚ್ರಿ. ದಪ್ಪ ಆದ್ರ ಸೂಜಿ ಹೋಗಂಗಿಲ್ಲ, ಹೋದಲ್ಲೆಲ್ಲಾ ಚಕ್ಕೆ ಏಳ್ತದ. ಒಂದು ದಿನ ಒಣಗಿದ ಮ್ಯಾಲೆ ಹಿಂದ ಹಳೆ ಧೋತರ ಇಟ್ಟು, ಪ್ರತಿ ಆಕಾರದ ಸುತ್ತ ಕಾಲು ಇಂಚಿನ ಹೊಲಿಗಿ. 2 ಇಂಚು ಬಾಯಿ ಬಿಟ್ಟು ಅಲ್ಲಿಂದ ಹತ್ತಿ ತುಂಬ್ರಿ, ಪೆನ್ಸಿಲ್ ಹಿಂಬದಿಯಿಂದ ಮೂಲಿಗೆ ತಳ್ಳಿ ಬಾಯಿ ಹೊಲೀರಿ. ನಡುವಿನ ಆಕಾರದಿಂದ ಶುರು ಮಾಡಿ ಹೊರಗ ಬರ್ರಿ. ಅಂಚಿಂದ ಶುರು ಮಾಡಿದ್ರ ನಡುವ ನೆರಿಗಿ ಬೀಳ್ತದ. ಒಂದು ತುಂಡಿಗೆ ಕಾಲು ಕಿಲೋ ಹತ್ತಿ ತಂದ್ರ ಮಿಗ್ತದ. ಕನ್ನಡಿ ಬಿಲ್ಲಿ ಕಡೀಕ. ಅದಕ್ಕ ತಾಂಡಾದ ಮಕ್ಕಳಿದ್ರ ಅವರಿಗೇ ಬಿಡ್ರಿ, ತೂತಿಲ್ಲದ ಕನ್ನಡಿನ ದಾರದ ಬಲಿಯೊಳಗ ಹಿಡಿಯೋದು ಅವರ ಮನಿಯಾಗ ಗೊತ್ತಿರೋ ಕೆಲಸ. ತೂಗುಹಾಕಾಕ ಹಿಂದ ಮ್ಯಾಲಿನ ಅಂಚಿಗೆ ಬಟ್ಟಿ ಕೊಳವಿ ಹೊಲಿದು ಕೋಲು ತೂರಿಸ್ರಿ. ಎರಡು ಮೂಲಿಗೆ ಮೊಳಿ ಹೊಡೆದ್ರ ನಡುವ ಜೋಲ್ತದ.

ಎಲೆಸಂಡಿಗೆ

ಕಿಪಿಂಗ್ ಬಿಟ್ಟೀರಲ್ಲ! ಕ್ವೆಜೋನ್ ಪ್ರಾಂತ್ಯದ ಲುಕ್ಬಾನ್ ಊರಾಗ ಮೇ 15ಕ್ಕ ಪಹಿಯಾಸ್ ಹಬ್ಬ, ರೈತರ ಸಂತ ಇಸಿದ್ರೊನ ಹೆಸರಿಲೆ. ಅವತ್ತು ಮನಿ ಮುಂದ ತರಕಾರಿ, ಭತ್ತದ ತೆನಿ, ಜೊತಿಗೆ ಎಲಿ ಆಕಾರದ ಬಣ್ಣಬಣ್ಣದ ಅಕ್ಕಿ ಹಾಳಿ, ಅದೇ ಕಿಪಿಂಗ್. ಅದನ್ನ ಪೋಣಿಸಿ ಮಾಡೋ ತೂಗುಗೊಂಚಲಿಗೆ ಅರಂಗ್ಯಾ ಅಂತಾರ. ಮಾಡೋ ರೀತಿ ನಮ್ಮ ಎಲೆ ಸಂಡಿಗೆಯೇ. ಹಬ್ಬ ಮುಗಿದ ಮ್ಯಾಲೆ ಕರಿದು ತಿಂತಾರ ಅನ್ನೋದೂ ಹಂಗೇ.

ಅರ್ಧ ಕಿಲೋ ಹಳೆ ಅಕ್ಕಿ ರಾತ್ರಿ ನೆನೆಹಾಕಿ, ನುಣ್ಣಗ ರುಬ್ಬಿ, ಸೋಸ್ರಿ. ರುಬ್ಬಿದ್ದು ದೋಸಿ ಹಿಟ್ಟಿಗಿಂತ ತೆಳ್ಳಗ, ಹಾಲಿಗಿಂತ ಗಟ್ಟಿ ಇರಬೇಕು. ಸೌಟಿನ ಬೆನ್ನಿಗೆ ಬೆರಳಲೆ ಗೆರಿ ಎಳೆದ್ರ ಗೆರಿ ನಿಲ್ಲಬೇಕು. ಚಿಟಿಕಿ ಉಪ್ಪು. ಐದು ಬಟ್ಟಲಿಗೆ ಹಂಚಿ ತಿನ್ನೋ ಬಣ್ಣ ಹಾಕ್ರಿ, ಕಣ್ಣಿಗೆ ಬೇಕಾದ್ದಕ್ಕಿಂತ ಸ್ವಲ್ಪ ಗಾಢ, ಬೆಂದಾಗ ತಿಳಿಯಾಗ್ತದ.

ಅಲ್ಲಿ ಕಬಾಲ್ ಅನ್ನೋ ಗಿಡದ ಎಲಿ, ಇಲ್ಲಂದ್ರ ಕಾಫಿ, ಕೋಕೋ ಎಲಿ ಬಳಸ್ತಾರ. ಇಲ್ಲಿ ಬಾದಾಮಿ ಗಿಡದ ಎಲಿ ಭಾಳ ಚಲೋ, ಸಾಲಿ ಅಂಗಳದಾಗೇ ಇರ್ತದ. ಮುತ್ತುಗದ ಎಲಿನೂ ನಡೀತದ. ಎಕ್ಕಿ, ಕಣಗಿಲಿ ಮುಟ್ಟಬ್ಯಾಡ್ರಿ, ವಿಷ. ತೇಗದ ಎಲಿ ಕೆಂಪು ಬಿಟ್ಟು ಬಣ್ಣ ಕೆಡಸ್ತದ. ನರ ಎದ್ದಿರೋ ಬೆನ್ನಿನ ಕಡೆ ಹಿಟ್ಟು ಹರಿಸಿ, ಎಲಿ ವಾರಿ ಹಿಡಿದು ಹೆಚ್ಚಿಗಿನದು ಇಳಿಸ್ರಿ. ಇಡ್ಲಿ ಪಾತ್ರೆಯಾಗ 2-3 ಮಿನಿಟ್ ಹಬಿ. ಪೂರ್ತಿ ಆರಿದ ಮ್ಯಾಲೆ ತೊಟ್ಟಿನ ಕಡಿಂದ ಎಬ್ಬಿಸ್ರಿ. ಬಿಸಿಯಾಗಿದ್ದಾಗ ಕೈ ಹಚ್ಚಿದ್ರ ಹರಿದು ಬರ್ತದ.

ಬೀದರ_ವೈರ್‌ಮನ್

ಕೋಣೆಗೆ ಬೆಳಕು ಬೇಕಂದ್ರೆ ಪರೋಲ್ ಮಾಡ್ರಿ, ಅವರ ಕ್ರಿಸ್‌ಮಸ್ ನಕ್ಷತ್ರ ದೀಪ. ಪಂಪಾಂಗಾದ ಸಾನ್ ಫೆರ್ನಾಂಡೊದಲ್ಲಿ ಡಿಸೆಂಬರಿಗೆ ಸುಮಾರು 20 ಅಡಿ ಎತ್ತರದ ದೀಪಗಳ ಸ್ಪರ್ಧೆ ನಡೀತದ, ಒಂದೊಂದರಲ್ಲಿ ಸಾವಿರಾರು ಬಲ್ಬು. ಅವನ್ನ ಕುಣಿಸೋ ಹಳೆ ಪದ್ಧತಿ ನೋಡಬೇಕು: ತಗಡಿನ ಡ್ರಮ್ಮಿಗೆ ವಿದ್ಯುತ್ತು, ಮ್ಯಾಲೆ ಮಾಸ್ಕಿಂಗ್ ಟೇಪ್ ತುಂಡುಗಳು, ಡ್ರಮ್ ತಿಕ್ಕೋಹಂಗ ಸಾಲಾಗಿ ಹೇರ್‌ಪಿನ್. ಟೇಪ್ ಇದ್ದಲ್ಲಿ ಬಲ್ಬು ಆರ್ತದ, ತಗಡು ಬರೀ ಇದ್ದಲ್ಲಿ ಹತ್ತತದ. ಡ್ರಮ್ ಕೈಲೆ ತಿರುಗಿಸ್ತಾರ. ಅಂದ್ರೆ ಟೇಪ್ ಅಂಟಿಸಿದ್ದೇ ಪ್ರೋಗ್ರಾಂ!

ಸಣ್ಣದು ಮಾಡೋದು ಹಿಂಗ. ಚೌಕಟ್ಟಿಗೆ 2 ಅಡಿಯ ಬಿದಿರು ಕಡ್ಡಿ 10: ಐದೈದರ ಎರಡು ನಕ್ಷತ್ರ, ಐದು ತುದಿಗೂ ಸೇರಿಸಿ ಕಟ್ರಿ. ಒಳಗಿನ ಐದು ಕೂಡು ಜಾಗಕ್ಕೆ 3 ಇಂಚಿನ ಮೋಟು ಕಡ್ಡಿ ಕೊಟ್ರೆ ಹೊಟ್ಟೆ ಉಬ್ಬತದ. ಮೋಟು ಕಡ್ಡಿ ಉದ್ದ ಆದ್ರೆ ತುದಿ ಬಿರೀತಾವ. ಎಲ್ಲಾ ಕಡ್ಡಿ ಒಂದೇ ದಪ್ಪ ಸೀಳ್ರಿ, ಇಲ್ಲಂದ್ರೆ ನಕ್ಷತ್ರ ಸೊಟ್ಟ. ಹೊದಿಕೆಗೆ ಪತಂಗದ ಹಾಳೆ, ಮೈದಾ ಅಂಟು. ಪಟ್ಟಿ ದೀಪ ಒಳಗೆ ಕೂಡಿಸಿದ ಮೇಲೇ ಹಾಳೆ ಹಚ್ಚಬೇಕು.

12 ವೋಲ್ಟಿನ ಎಲ್‌ಇಡಿ ಪಟ್ಟಿ, ಮೀಟರಿಗೆ 4.8 ವ್ಯಾಟಿನದು, ಒಂದೊಂದು ಅಡಿಯ 8 ತುಂಡು: ಐದು ತೋಳು, ನಡುವೆ ಒಂದು, ಕೆಳಗೆ ಇಳಿಬಿಡೋ ಬಾಲಕ್ಕೆ ಎರಡು. ಗೆರೆ ಗುರುತು ಇದ್ದಲ್ಲೇ ಕತ್ತರಿಸ್ರಿ. 2 ಆಂಪಿಯರ್ ಅಡಾಪ್ಟರ್ ಸಾಕು. ಡ್ರಮ್ಮಿಗೆ 1 ಕಿಲೋ ಹಾಲಿನಪುಡಿ ಡಬ್ಬಿ, ನಡುವೆ ಕೋಲು ತೂರಿಸಿ ತಿರುಗೋಹಂಗ. ಡಬ್ಬಿ ಬಣ್ಣ ಮರಳು ಕಾಗದದಿಂದ ಹೊಳೆಯೋತನ ತಿಕ್ರಿ. ದೀಪ ಹತ್ತಲಿಲ್ಲ ಅನ್ನೋದಕ್ಕೆ ಹತ್ತರಾಗ ಎಂಟು ಸಲ ಇದೇ ಕಾರಣ. ಒಂದೂವರೆ ಸೆಂಟಿಮೀಟರಿಗೆ ಒಂದರಂತೆ 9 ಪಿನ್. ಮೊದಲನೆಯದು ಟೇಪ್ ಇಲ್ಲದ ಪಟ್ಟೆಯ ಮೇಲೆ, ಅದಕ್ಕೆ ಅಡಾಪ್ಟರಿನ ಪ್ಲಸ್. ಉಳಿದ ಎಂಟರಿಂದ ಒಂದೊಂದು ತುಂಡಿನ ಪ್ಲಸ್ಸಿಗೆ ತಂತಿ. ಎಲ್ಲಾ ಮೈನಸ್ ಒಟ್ಟಿಗೆ ಅಡಾಪ್ಟರಿಗೆ. ಅಲ್ಯುಮಿನಿಯಂ ಹಾಳೆ ಸುತ್ತಬ್ಯಾಡ್ರಿ, ಪಿನ್ ತಿಕ್ಕಿ ಹತ್ತು ಸುತ್ತಿಗೆ ಹರೀತದ. 230 ವೋಲ್ಟ್ ಅಂತೂ ಮಕ್ಕಳ ಕೈಗೆ ಕೊಡಲೇಬ್ಯಾಡ್ರಿ.

ಸುರಪುರದ_ಗೆರೆ

ಒಂದು ಮರೆತಿದ್ದೆ. ಲೇಕ್ ಸೆಬುವಿನ ಟಿಬೋಲಿ ಬುಡಕಟ್ಟಿನ ಹೆಣ್ಣುಮಕ್ಕಳ ತಿನಾಲಕ್ ಬಟ್ಟಿ ಫೋಟೊದಾಗಷ್ಟೇ ತೋರಿಸ್ರಿ, ಮಕ್ಕಳಿಂದ ನಕಲು ಬ್ಯಾಡ. ಬಾಳಿ ಜಾತಿಯ ಅಬಕಾ ನಾರು, ನೇಯೋ ಮೊದಲೇ ಎಳಿ ಕಟ್ಟಿ ಬಣ್ಣಕ್ಕ ಅದ್ದತಾರ, ಪೋಚಂಪಲ್ಲಿ ಸೀರಿಗತೆ. ವಿನ್ಯಾಸ ಕನಸಿನಾಗ ಬರ್ತದ ಅನ್ನೋದು ಅವರ ನಂಬಿಕಿ. ಈ ಬಟ್ಟಿ ನೇಯ್ತಿದ್ದ ಲಾಂಗ್ ಡುಲಾಯ್ ಅವರಿಗೆ 1998ರಲ್ಲಿ ಸರ್ಕಾರದ ದೊಡ್ಡ ಜಾನಪದ ಗೌರವ ಸಿಕ್ಕಿತ್ತು. ಬಟ್ಟಿ ದಾಟಬಾರದು ಅಂತಾರ, ಹಂಗಾಗಿ ಫೋಟೊನೂ ನೆಲಕ್ಕ ಹಾಸಬ್ಯಾಡ್ರಿ.

ಮಾತಿನ ಕಲಿಗೆ ಹತ್ತು ಮಿನಿಟ್ ಇಡ್ರಿ. 1924ರಲ್ಲಿ ಶುರುವಾದ ಬಲಗ್ತಾಸಾನ್ ಅಂದ್ರ ಪದ್ಯದಾಗ ವಾದ, ನಡುವ ಲಕಾಂದಿವಾ ಅನ್ನೋ ನಿರ್ಣಾಯಕ. 2010ರಿಂದ ಫ್ಲಿಪ್‌ಟಾಪ್ ಅನ್ನೋ ರ‍್ಯಾಪ್ ಜಗಳ, ವಾದ್ಯ ಇಲ್ದ. ಹರದೇಶಿ-ನಾಗೇಶಿ ಕೇಳಿದ ಊರಿನವರಿಗೆ ಬ್ಯಾರೆ ಪೀಠಿಕಿ ಬೇಕಿಲ್ಲ. ‘ಚಿತ್ರ ಮೇಲೋ ಕೌದಿ ಮೇಲೋ’ ಅಂತ ಇಬ್ಬರು ಮಕ್ಕಳನ್ನ ನಿಲ್ಲಿಸ್ರಿ.

ಕುಂಚ_ಕಲಬುರಗಿ

ಎಲ್ಲಾರಿಗೂ ಶರಣು. ಕಿಪಿಂಗ್ 40 ಹಾಕಿದ್ವಿ, ಬಿಸಿಲಿಗೆ ಒಣಗಿಸಿದ್ರ ಅರ್ಧಕ್ಕರ್ಧ ನರದ ಗುಂಟ ಸೀಳಿದವು. ಉಳಿದವು ಸುರುಳಿ ಸುತ್ತಿದವು. ಪೋಣಿಸಾಕ ಸೂಜಿ ಚುಚ್ಚಿದ್ರ ಅವೂ ಒಡೀತಾವ.

ಎಲೆಸಂಡಿಗೆ

ಬಿಸಿಲಿಗೆ ಹಾಕಿದ್ದೇ ತಪ್ಪು. ಸಂಡಿಗಿ ಸೊಟ್ಟಾದ್ರ ಎಣ್ಣಿಯಾಗ ಹೋಗ್ತದ, ಇದು ಗೋಡಿಗೆ ಬೇಕು. ಎಲಿಯಿಂದ ಎಬ್ಬಿಸಿದ ಕೂಡಲೇ, ಇನ್ನೂ ಚರ್ಮದಂಗ ಮೆತ್ತಗಿದ್ದಾಗ, ತೊಟ್ಟಿನ ಕಡೆ ದಪ್ಪ ಸೂಜಿಲೆ ತೂತು ಹಾಕ್ರಿ, ಅಂಚಿಂದ ಅರ್ಧ ಇಂಚು ಒಳಗ. ಆಮ್ಯಾಲೆ ತೆಳು ಬಟ್ಟಿ ನಡುವ ಇಟ್ಟು ಮ್ಯಾಲೆ ಹಲಗಿ, ಹಲಗಿ ಮ್ಯಾಲೆ ನಾಲ್ಕೈದು ದಪ್ಪ ಪುಸ್ತಕ. ಫ್ಯಾನ್ ಇಲ್ದ ಕೋಣೆಯಾಗ ಎರಡು ದಿನ, ದಿನಕ್ಕೊಮ್ಮಿ ಬಟ್ಟಿ ಬದಲಿಸ್ರಿ, ಇಲ್ಲಂದ್ರ ಬೂಸ್ಲು. ನರದ ಗುಂಟ ಸೀಳಿದ್ದು ಅಂದ್ರ ಅಲ್ಲಿ ಹಿಟ್ಟು ತೆಳ್ಳಗ, ಪಕ್ಕದಾಗ ದಪ್ಪ ಕುಂತದ. ಇನ್ನೊಂದು ಚೂರು ನೀರು ಹಾಕಿ, ಎಲಿ ಹೆಚ್ಚು ಹೊತ್ತು ವಾರಿ ಹಿಡೀರಿ. ಒಡೆದ 20 ಬಿಸಾಕಬ್ಯಾಡ್ರಿ, ಕರೀರಿ.