ಡೇ ಕೇರ್ ಹರ್ನಿಯಾ ಆಪರೇಷನ್: ರಿಪೋರ್ಟ್ ಎಲ್ಲ ಸರಿ ಇದ್ದರೂ ಪಿಎಸಿ (ಅರಿವಳಿಕೆ, ಅಂದರೆ ಅನೆಸ್ತೇಶಿಯಾಕ್ಕೆ ಮುಂಚಿನ ತಪಾಸಣೆ) ಯಾಕೆ?

ಪ್ರಶ್ನೆ (ಬೈಂದೂರು): ತಂದೆಗೆ 62. ಮಣಿಪಾಲದಲ್ಲಿ ಬೆಳಿಗ್ಗೆ 9ಕ್ಕೆ ತೊಡೆಸಂದಿನ ಹರ್ನಿಯಾ ಆಪರೇಷನ್, ಸಂಜೆ ಮನೆಗೆ. ಶುಗರಿಗೆ ಮೆಟ್‌ಫಾರ್ಮಿನ್, ಡಾಪಾಗ್ಲಿಫ್ಲೋಜಿನ್, ಬಿಪಿಗೆ ಆಮ್ಲೊಡಿಪಿನ್. ರಕ್ತ, ಇಸಿಜಿ ಆಗಿದೆ. ಮತ್ತೆ ಅನೆಸ್ತೇಶಿಯಾದವರ ಹತ್ತಿರ ಯಾಕೆ ಕಳಿಸುತ್ತಾರೆ? ಆ ಬೆಳಿಗ್ಗೆ ಒಂದು ಲೋಟ ಗಂಜಿ ಕುಡಿಯಬಹುದಾ?

ಅರಿವಳಿಕೆ ವೈದ್ಯೆ, ಮಂಗಳೂರು: ರಿಪೋರ್ಟಿನಲ್ಲಿ ಕಾಣದ್ದನ್ನು ನೋಡಲಿಕ್ಕೇ ಪಿಎಸಿ. ಎರಡು ಮಹಡಿ ನಿಲ್ಲದೆ ಹತ್ತುತ್ತಾರಾ ಎಂದು ಕೇಳುತ್ತಾರೆ. ಮಲಗಿ ತೆಗೆದ ಇಸಿಜಿ ಅದನ್ನು ಹೇಳುವುದಿಲ್ಲ. ಬಾಯಿ ತೆರೆಸುತ್ತಾರೆ. ನಮ್ಮ ಕಡೆ ಅಡಿಕೆ ಜಗಿದು ಬಾಯಿ ಬಿಗಿದವರು ಇದ್ದಾರಲ್ಲ, ಮೂರು ಬೆರಳು ಹಿಡಿಸದಿದ್ದರೆ ಉಸಿರಾಟದ ನಳಿಗೆ ಹಾಕುವುದು ಕಷ್ಟ. ಅಲ್ಲಾಡುವ ಹಲ್ಲು, ಜೋರು ಗೊರಕೆ, ಹಿಂದೆ ಅರಿವಳಿಕೆಯಲ್ಲಾದ ತೊಂದರೆ, ಕೇಳುವ ಮೊದಲೇ ಹೇಳಿ.

ನಿಮ್ಮ ಪಟ್ಟಿಯಲ್ಲಿ ಯೋಚಿಸಬೇಕಾದ್ದು ಡಾಪಾಗ್ಲಿಫ್ಲೋಜಿನ್. ಸಾಮಾನ್ಯವಾಗಿ 3 ದಿನ ಮೊದಲು ನಿಲ್ಲಿಸುವ ಮಾತ್ರೆ. ಉಪವಾಸವಿದ್ದಾಗ ರಕ್ತದಲ್ಲಿ ಕೀಟೋನ್ ಎಂಬ ಆಮ್ಲವನ್ನು ಅಪಾಯದ ಮಟ್ಟಕ್ಕೆ ಏರಿಸಬಲ್ಲದು. ಶುಗರ್ ಮಾತ್ರ 200ರ ಆಸುಪಾಸಿನಲ್ಲೇ ಇರಬಹುದು, ಹಾಗಾಗಿ ಯಾರಿಗೂ ಸಂಶಯ ಬರುವುದಿಲ್ಲ. ಆಪರೇಷನ್ನಿನ ಹಿಂದಿನ ದಿನ ಪಿಎಸಿಗೆ ಹೋದರೆ ತಡವಾಯಿತು. ವಾರ ಮೊದಲೇ ಹೋಗಿ, ನಿಲ್ಲಿಸುವ ತಾರೀಕು ಚೀಟಿಯಲ್ಲಿ ಬರೆಸಿ. ಮೆಟ್‌ಫಾರ್ಮಿನ್ ಆ ಬೆಳಿಗ್ಗೆ ಸಾಮಾನ್ಯವಾಗಿ ಕೊಡುವುದಿಲ್ಲ. ಆಮ್ಲೊಡಿಪಿನ್ ಮಾತ್ರ ಒಂದು ಗುಟುಕು ನೀರಲ್ಲಿ ನುಂಗಲಿ.

ಡೇ ಕೇರ್ ನರ್ಸ್, ಉಡುಪಿ: ಗಂಜಿ ಬೇಡ ಮಾರ್ರೆ. ತೆಳ್ಳಗೆ ಮಾಡಿದರೂ ಊಟದ ಲೆಕ್ಕವೇ, 6 ಗಂಟೆ. ಹಾಲು ಹಾಕಿದ ಚಾ, ಕಷಾಯವೂ ಅಷ್ಟೇ. ಮೀನು ಫ್ರೈ ತಿಂದರೆ 8. ಬರೀ ನೀರು 2 ಗಂಟೆ ಮುಂಚಿನ ತನಕ, ಅಂದರೆ 7ರವರೆಗೆ. ನಿಮ್ಮ ಆಸ್ಪತ್ರೆಯ ಚೀಟಿಯಲ್ಲಿ ಬೇರೆ ಇದ್ದರೆ ಅದೇ ಸರಿ. “ಏನೂ ತಿಂದಿಲ್ಲ, ಚಾ ಮಾತ್ರ” ಎನ್ನುವವರ ಆಪರೇಷನ್ನೇ ಮುಂದೆ ಹೋಗುವುದು.

ಇನ್ನೊಂದು, ಬೈಂದೂರು ದೂರ. ಈ ವಯಸ್ಸಿನ ಗಂಡಸರಿಗೆ ಹರ್ನಿಯಾ ಆದ ಮೇಲೆ, ಅದರಲ್ಲೂ ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರೆ, ಮೂತ್ರ ಕಟ್ಟಬಹುದು. ಮೂತ್ರ ಆಗದೆ ಹೊರಡಬೇಡಿ. ಮೊದಲ ರಾತ್ರಿ ಉಡುಪಿಯಲ್ಲೇ ನೆಂಟರ ಮನೆಯಲ್ಲಿ ಉಳಿದರೆ ಒಳ್ಳೆಯದು. 24 ಗಂಟೆ ಜೊತೆಗೆ ಒಬ್ಬರು ದೊಡ್ಡವರು ಬೇಕು, ಸ್ಕೂಟರ್ ಮುಟ್ಟಬಾರದು.

ಪ್ರಶ್ನೆ ಕೇಳಿದವರು: ಇಕೋಸ್ಪ್ರಿನ್ 75 (ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್) ಕೂಡ ಇದೆ, ಬರೆಯಲು ಮರೆತೆ. ನಿಲ್ಲಿಸಬೇಕಾ?

ಅರಿವಳಿಕೆ ವೈದ್ಯೆ, ಮಂಗಳೂರು: ನೀವಾಗಿ ನಿಲ್ಲಿಸಬೇಡಿ. ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆಯಾ, ಯಾವಾಗ ಹಾಕಿದ್ದು ಎನ್ನುವುದರ ಮೇಲೆ ತೀರ್ಮಾನ. ಬರೆಯಲು ಮರೆಯುವ ಮಾತ್ರೆ ಸಾಮಾನ್ಯವಾಗಿ ಇದೇ. ಪಿಎಸಿಗೆ ಪಟ್ಟಿ ಬೇಡ, ಮಾತ್ರೆಯ ಡಬ್ಬವನ್ನೇ ತನ್ನಿ.