ಪದಚರ್ಚೆ: ಬೆಳಗ್ಗೆ ಗಾಡಿ ‘ತಿಣುಕುತ್ತದೆ’ ಬೇರೆ, ‘ಹತ್ತಿಕೊಳ್ಳುತ್ತಿಲ್ಲ’ ಬೇರೆ, ಅಲ್ವಾ?

ಎಲ್ಲರಿಗೂ ನಮಸ್ಕಾರ.

ಮೈಸೂರಿನಲ್ಲಿ ಟ್ಯಾಕ್ಸಿ ಓಡಿಸುವ ಗೆಳೆಯರಿಗಾಗಿ ಒಂದು ಪುಟದ ಟಿಪ್ಪಣಿ ಬರೆಯುತ್ತಿದ್ದೇನೆ. ರಾತ್ರಿಯೆಲ್ಲ ನಿಂತ ಕಾರು ಬೆಳಗ್ಗೆ ಬಡಪೆಟ್ಟಿಗೆ ಸ್ಟಾರ್ಟ್ ಆಗದೆ ಸತಾಯಿಸಿದರೆ ಏನೇನು ನೋಡಬೇಕು ಅನ್ನುವುದು ವಿಷಯ. ರಿಪೇರಿಯ ವಿಚಾರದಲ್ಲಿ ತೊಡಕಿಲ್ಲ. ಮಾತಿನ ವಿಚಾರದಲ್ಲಿ ನಿಮ್ಮ ಸಹಾಯ ಬೇಕು.

ಗ್ಯಾರೇಜಿಗೆ ಬರುವ ದೂರು ಯಾವಾಗಲೂ ಒಂದೇ: ‘ಸ್ಟಾರ್ಟ್ ಆಗ್ತಿಲ್ಲ’. ಆದರೆ ಇದೊಂದೇ ಮಾತಿನೊಳಗೆ ಬೇರೆ ಬೇರೆ ಕಾಯಿಲೆಗಳಿವೆ. ಕೀ ತಿರುಗಿಸಿದಾಗ ಬರೀ ‘ಟಿಕ್’ ಅಂದು ಸುಮ್ಮನಾದರೆ ‘ಸೆಲ್ಫ್ ತಗೋತಿಲ್ಲ’ ಅನ್ನುತ್ತೇವೆ. ಈ ಮಾತು ಚೆನ್ನಾಗಿ ಬೇರೂರಿದೆ, ಅದನ್ನು ಮುಟ್ಟುವುದು ಬೇಡ. 1912ರ ಕ್ಯಾಡಿಲಾಕ್ ಕಾರಿನಲ್ಲಿ ಎಲೆಕ್ಟ್ರಿಕ್ ಸ್ಟಾರ್ಟರ್ ಬಂತು. ಕೈಯಲ್ಲಿ ತಿರುಗಿಸುವ ಕಷ್ಟ ತಪ್ಪಿಸಿದ ಈ ಸಾಧನವನ್ನು ಸೆಲ್ಫ್ ಸ್ಟಾರ್ಟರ್ ಅಂತ ಕರೆದರು. ನಮ್ಮಲ್ಲಿ ಅದರ ಮೊದಲರ್ಧ ಮಾತ್ರ ಉಳಿಯಿತು.

ಸೆಲ್ಫ್ ತಗೊಂಡರೂ ಎಂಜಿನ್ ಭಾರ ಹೊತ್ತಂತೆ ನಿಧಾನಕ್ಕೆ ತಿರುಗುವುದು ಇನ್ನೊಂದು ಬಗೆ. ಡ್ಯಾಶ್‌ಬೋರ್ಡಿನ ದೀಪಗಳೂ ಮಂಕಾಗುತ್ತವೆ. ಇದಕ್ಕೆ ‘ತಿಣುಕುತ್ತದೆ’ ಅನ್ನುವುದೇ ಸರಿ ಅಂತ ನನಗನಿಸುತ್ತದೆ. ಹೀಗೆ ತಿಣುಕಿದರೆ ಮೊದಲು ನೋಡಬೇಕಾದ್ದು ಬ್ಯಾಟರಿ. ರಾತ್ರಿ ಪೂರ್ತಿ ನಿಂತ ಮೇಲೆ 12.6 ವೋಲ್ಟ್ ಇದ್ದರೆ ಚಾರ್ಜ್ ತುಂಬಿದೆ, 12.2ಕ್ಕೆ ಇಳಿದಿದ್ದರೆ ಸುಮಾರು ಅರ್ಧ ಮಾತ್ರ. ಟರ್ಮಿನಲ್ ಮೇಲೆ ಬಿಳಿಯೋ ಹಸಿರೋ ಪುಡಿ ಕಟ್ಟಿದ್ದರೂ ಇದೇ ಪಾಡು. ಕಂಪನಿ ಹೇಳಿದ್ದಕ್ಕಿಂತ ದಪ್ಪನೆಯ ಆಯಿಲ್ ಹಾಕಿಸಿದ್ದರೂ ಅಷ್ಟೇ.

ನನ್ನ ತಕರಾರು ಇರುವುದು ಮೂರನೆಯದರಲ್ಲಿ. ಸೆಲ್ಫ್ ಜೋರಾಗಿದೆ, ಎಂಜಿನ್ ಗರಗರ ಅಂತ ತಿರುಗುತ್ತದೆ, ಆದರೂ ಚಾಲೂ ಆಗುವುದಿಲ್ಲ. ಇದಕ್ಕೆ ನಮ್ಮಲ್ಲಿ ಪ್ರತ್ಯೇಕ ಮಾತೇ ಇಲ್ಲ. ಹಾಗಾಗಿ ಜನ ಬ್ಯಾಟರಿ ವೀಕ್ ಅಂದುಕೊಂಡು ಸುಮ್ನೆ ಹೊಸ ಬ್ಯಾಟರಿಗೆ ದುಡ್ಡು ಸುರಿಯುತ್ತಾರೆ. ‘ಒಲೆ ಹತ್ತುತ್ತಿಲ್ಲ’ ಅನ್ನುತ್ತೇವಲ್ಲ, ಅದೇ ರೀತಿ ‘ಎಂಜಿನ್ ಹತ್ತಿಕೊಳ್ಳುತ್ತಿಲ್ಲ’ ಅನ್ನಬಹುದೇ?

ಒಳಗೆ ನಡೆಯುವುದೂ ಅದೇ. ತಣ್ಣಗಿರುವಾಗ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ, ಹಾಗಾಗಿ ಜಾಸ್ತಿ ಪೆಟ್ರೋಲ್ ಬೇಕು. ಹಳೆಯ ಮಾರುತಿ 800ರಲ್ಲಿ ಇದಕ್ಕೇ ಚೋಕ್ ಎಳೆಯುತ್ತಿದ್ದೆವು. ಈಗ ಕೂಲೆಂಟಿನ (ಎಂಜಿನ್ ತಂಪಾಗಿಡುವ ದ್ರವದ) ಶಾಖ ಅಳೆಯುವ ಸೆನ್ಸರ್ ಹೇಳಿದಂತೆ ಕಂಪ್ಯೂಟರ್ ಪೆಟ್ರೋಲ್ ಬಿಡುತ್ತದೆ. ತಣ್ಣಗಿರುವ ಎಂಜಿನನ್ನು ಬಿಸಿ ಇದೆ ಅಂತ ಸೆನ್ಸರ್ ಸುಳ್ಳು ಹೇಳಿದರೆ ಪೆಟ್ರೋಲ್ ಸಾಲದು.

ಪೆಟ್ರೋಲನ್ನು ಹತ್ತಿಸುವುದು ಪ್ಲಗ್ಗಿನ ಕಿಡಿ, ಡೀಸೆಲ್ ಗಾಡಿಯಲ್ಲಿ ಆ ಕಿಡಿಯೇ ಇಲ್ಲ. ಗಾಳಿಯನ್ನು ಗಟ್ಟಿಯಾಗಿ ಒತ್ತಿದಾಗ ಹುಟ್ಟುವ ಶಾಖಕ್ಕೆ ಡೀಸೆಲ್ ಹತ್ತಿಕೊಳ್ಳಬೇಕು. ತಣ್ಣಗಿನ ಲೋಹ ಆ ಶಾಖವನ್ನು ಹೀರಿಕೊಳ್ಳುತ್ತದೆ, ಅದಕ್ಕೇ ಒಳಗನ್ನು ಮೊದಲೇ ಬಿಸಿ ಮಾಡುವ ಹೀಟರ್ ಪ್ಲಗ್. ಡ್ಯಾಶ್‌ಬೋರ್ಡಿನಲ್ಲಿ ಸುರುಳಿ ಗುರುತಿನ ದೀಪ ಹೋಗುವವರೆಗೆ ಕಾದು ಆಮೇಲೆ ಸೆಲ್ಫ್ ಹೊಡೆಯಬೇಕು. ಪ್ಲಗ್ ಸತ್ತಿದ್ದರೆ ಸೈಲೆನ್ಸರಿನಿಂದ ಬೆಳ್ಳನೆಯ ಹೊಗೆ ಬರುತ್ತದೆ. ಹತ್ತಿರ ಹೋದರೆ ಹಸಿ ಡೀಸೆಲ್ ವಾಸನೆ, ಕಣ್ಣುರಿ. ಡೀಸೆಲ್ ಬಂದಿದೆ, ಹತ್ತಿಕೊಂಡಿಲ್ಲ. ಇದಕ್ಕಿಂತ ಸರಿಯಾದ ಮಾತು ನನಗೆ ಸಿಗುತ್ತಿಲ್ಲ. ಎಷ್ಟು ಸೆಲ್ಫ್ ಹೊಡೆದರೂ ಹೊಗೆಯೇ ಕಾಣದಿದ್ದರೆ ಡೀಸೆಲ್ ಬರುತ್ತಿದೆಯೋ ಇಲ್ಲವೋ ನೋಡಬೇಕು. ಆಗ ಮೆಕ್ಯಾನಿಕ್ಕುಗಳು ‘ಏರ್ ತಗೊಂಡಿದೆಯಾ ನೋಡು’ ಅನ್ನುತ್ತಾರೆ, ಅಂದರೆ ಡೀಸೆಲ್ ಪೈಪಿನೊಳಗೆ ಗಾಳಿ ಸೇರಿಕೊಂಡಿದೆಯಾ ಅಂತ.

ಒಂದು ಅಡ್ಡಿ ಇದೆ. ‘ಎಂಜಿನ್ ಹತ್ತಿಕೊಂಡಿತು’ ಅಂದರೆ ಬೆಂಕಿ ಬಿತ್ತು ಅಂತ ಓದಿದವರು ಗಾಬರಿಯಾದಾರು. ‘ಹಿಡಿಯಿತು’ ಅನ್ನೋಣ ಅಂದರೆ ಅದೂ ಕಷ್ಟ. ‘ಎಂಜಿನ್ ಹಿಡ್ಕೊಂಡಿದೆ’ ಅಂದರೆ ಜಾಮ್ ಆಗಿದೆ ಅನ್ನುವ ಅರ್ಥ ಬರುತ್ತದೆ. ಹಾಗಾಗಿ ಇಲ್ಲ ಅನ್ನುವಾಗ ‘ಹತ್ತಿಕೊಳ್ಳುತ್ತಿಲ್ಲ’, ಆದಾಗ ‘ಸ್ಟಾರ್ಟ್ ಆಯಿತು’ ಅಂತ ಇಟ್ಟುಕೊಂಡಿದ್ದೇನೆ. ಒಪ್ಪುತ್ತದೆಯೇ?

ಇನ್ನೊಂದು ‘ಚಳಿ’ಯ ವಿಚಾರ. ‘ಚಳಿಗೆ ಸ್ಟಾರ್ಟ್ ಆಗಲ್ಲ’ ಅನ್ನುವುದು ದಾರಿ ತಪ್ಪಿಸುತ್ತದೆ. ಮೈಸೂರಿನ ಜನವರಿ ಮುಂಜಾನೆ ಅಂದರೆ 16 ಡಿಗ್ರಿ ಆಸುಪಾಸು. ಗಟ್ಟಿಮುಟ್ಟಾದ ಎಂಜಿನ್‌ಗೆ ಇದು ಚಳಿಯೇ ಅಲ್ಲ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೊರಟುಹೋಗುತ್ತದೆ, ಆಮೇಲೆ ಸರಿಹೋಗುತ್ತದೆ ಅಂತ ಕಾಯುವವರಿದ್ದಾರೆ. ಕೆಟ್ಟ ಭಾಗ ಹಾಗೇ ಉಳಿದಿರುತ್ತದೆ. ಇಲ್ಲಿ ಮುಖ್ಯವಾದ್ದು ಹವೆಯಲ್ಲ, ಎಂಜಿನ್ ತಣ್ಣಗಾಗಿದೆ ಅನ್ನುವುದು. ‘ಆರಿದ ಎಂಜಿನ್’ ಅಂತ ಬರೆದು ನೋಡಿದೆ. ಅನ್ನ ಆರಿತು ಅನ್ನುವ ಅರ್ಥದಲ್ಲಿ ಸರಿಯೇ. ಆದರೆ ದೀಪ ಆರಿತು ಅನ್ನುವ ಅರ್ಥ ಹಿಡಿದರೆ ಈಗಷ್ಟೇ ಆಫ್ ಮಾಡಿದ ಎಂಜಿನ್ ಕೂಡ ‘ಆರಿದ’ದ್ದೇ ಆಗುತ್ತದೆ. ಸದ್ಯಕ್ಕೆ ‘ಬಿಸಿ ಆರಿದ ಎಂಜಿನ್’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದು ಇದ್ದರೆ ತಿಳಿಸಿ.

ಮಂಡ್ಯ ಕಡೆಯವರನ್ನು ಮುಖ್ಯವಾಗಿ ಕೇಳುತ್ತಿದ್ದೇನೆ. ಗದ್ದೆಯಲ್ಲಿ ಡೀಸೆಲ್ ಪಂಪ್‌ಸೆಟ್ಟಿಗೆ ಹ್ಯಾಂಡಲ್ ಹೊಡೆದ ಹಿರಿಯರು ನಿಮ್ಮ ಮನೆಗಳಲ್ಲಿ ಇದ್ದಾರು. ಹ್ಯಾಂಡಲ್ ಸಲೀಸಾಗಿ ತಿರುಗಿಯೂ ಎಂಜಿನ್ ಮಾತಾಡದಿದ್ದಾಗ ಅವರು ಏನನ್ನುತ್ತಿದ್ದರು? ಕೇಳಿ, ಅವರ ಬಾಯಲ್ಲಿ ಬಂದ ಹಾಗೇ ಬರೆದು ಕಳಿಸಿ.